ಹೆಬ್ಬೆರಳು ತಪ್ಪದಿರಲಿ

ಭಜನೆಗೆ ಪೇಟಿಯವರು ಬರದಿದ್ದರೆ ತತ್ವಪದ, ಅಭಂಗ ಎರಡೂ ನಿಲ್ಲಬೇಕೆ? ಬೇಡ. ಗಿಟಾರು ಕಲಿತವರು ಒಬ್ಬರಿದ್ದರೆ ಸಾಕು.

ದಪ್ಪನೆಯ ಮೂರು ತಂತಿ ಬಲಗೈ ಹೆಬ್ಬೆರಳಿಗೆ. ತೆಳುವಾದ ಮೂರು ತಂತಿ ತೋರುಬೆರಳು, ನಡುಬೆರಳು, ಉಂಗುರಬೆರಳಿಗೆ ಒಂದೊಂದು. ತೆಳು ತಂತಿಯಿಂದ ಎಣಿಸಿ 5ನೆಯದನ್ನು ಷಡ್ಜವೆಂದು ಹಿಡಿಯಿರಿ. 4ನೆಯದನ್ನು 2ನೆಯ ಮೆಟ್ಟಿಲಲ್ಲಿ ಒತ್ತಿದರೆ ಪಂಚಮ. ಹೆಬ್ಬೆರಳಿನಿಂದ ಇವೆರಡನ್ನೇ ಒಂದಾದ ಮೇಲೊಂದು ಮೀಟುತ್ತ ಬಾಯಲ್ಲಿ ನಾಲ್ಕು ಎಣಿಸಿರಿ. ಮಿರಜಿನ ತಂಬೂರಿಯ ನಾದ ಹಾಡಿನ ಕೆಳಗೆ ಬಿಡದೆ ಹರಿಯುವಂತೆ ಈ ಪೆಟ್ಟೂ ಬಿಡದೆ ನಡೆಯಬೇಕು.

ಅದು ಕೈಗೆ ಕೂತ ಮೇಲೆಯೇ ಹಾಡಿನ ಧಾಟಿಯನ್ನು ತೆಳು ತಂತಿಗಳಲ್ಲಿ ಒಂದೊಂದೇ ಸಾಲು ಕೂಡಿಸಿರಿ. ಆಗ ಹೆಬ್ಬೆರಳು ತಡವರಿಸಿದರೆ ಇನ್ನೂ ನಿಧಾನ ಮಾಡಿರಿ. ಸ್ವರ ಒಂದು ತಪ್ಪಿದರೆ ಹಾಡುವವರು ಸಂಭಾಳಿಸಿಕೊಳ್ಳುತ್ತಾರೆ. ತಾಳ ತಪ್ಪಿದರೆ ಭಜನೆಯೇ ಮುರಿಯುತ್ತದೆ.