ಗಜನಿಯ ಬಾಗಿಲು ಯಾರ ಕೈಯಲ್ಲಿ?



ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರಲ್ಲಿ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಸಂತೋಷದ ಸುದ್ದಿಯೇ. ಆದರೆ ಇದೇ ಅಳಿವೆಯ ತದಡಿಯ ದಡಕ್ಕೆ ಹಿಂದೊಮ್ಮೆ 4,000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಬರುವುದಿತ್ತು. ಅದು ತಪ್ಪಿದ ಮೇಲೆ ಬಂದರಿನ ಮಾತು ಎದ್ದಿತು. ವಿರೋಧಿಸಿದವರಲ್ಲಿ ನಮ್ಮಂಥ ವರದಿ ಬರೆಯುವವರೂ ಇದ್ದರು, ನಿಜ. ದಡದ ಜನ ಬೀದಿಗಿಳಿಯದಿದ್ದರೆ ಆ ವರದಿಗಳು ಕಪಾಟು ಸೇರುತ್ತಿದ್ದವು.

ಅವರು ಉಳಿಸಿಕೊಂಡದ್ದು ತಮ್ಮ ಗದ್ದೆಯನ್ನು, ಮೀನನ್ನು. ಅಳಿವೆ ದಡದ ಈ ಉಪ್ಪುನೀರಿನ ಗದ್ದೆಗಳೇ ಗಜನಿ. ಮುಂಗಾರು ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತದ ಬೀಜ ಚೆಲ್ಲುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ನೆರೆಗೂ ಉಪ್ಪಿಗೂ ಜಗ್ಗದ ತಳಿ ಅದು. ಕೊಯ್ಲಿಗೆ ನಿಂತ ನೀರಿನಲ್ಲೇ ಇಳಿದು ತೆನೆಯನ್ನಷ್ಟೇ ಕೊಯ್ದು, ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಕಟ್ಟೆಯ ಹಲಗೆ ಬಾಗಿಲು ಎತ್ತಿದರೆ ಉಬ್ಬರದ ನೀರಿನ ಜೊತೆ ಶೆಟ್ಲಿ (ಸಿಗಡಿ), ಏಡಿ, ಮೀನು ಒಳಬಂದು ಆ ಕೊಳೆತ ಹುಲ್ಲಿನ ನಡುವೆ ಬೆಳೆಯುತ್ತವೆ. ಉದುರಿದ ಕಾಳಿಗೆ ಹಕ್ಕಿಗಳು ಇಳಿಯುತ್ತವೆ. ರಾಮ್ಸಾರ್ ಒಪ್ಪಂದ 1971ರಿಂದ ಹೇಳುತ್ತ ಬಂದಿರುವ ವಿವೇಕದ ಬಳಕೆ ಎಂದರೆ ಇನ್ನೇನು?

ನಮ್ಮ ಕಾನೂನಿಗೆ ಮಾತ್ರ ಇದು ಕಾಣುವುದಿಲ್ಲ. 2017ರ ಜೌಗುಭೂಮಿ ನಿಯಮಗಳು ಭತ್ತದ ಗದ್ದೆಯನ್ನು ಜೌಗುಭೂಮಿಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಹಾಗಾದರೆ ಮಳೆಗಾಲದಲ್ಲಿ ಭತ್ತ, ಬೇಸಿಗೆಯಲ್ಲಿ ಶೆಟ್ಲಿ ಕೊಡುವ ಗಜನಿಯನ್ನು ಯಾವ ಕಡತಕ್ಕೆ ಸೇರಿಸುವುದು? ಗಜನಿ ಬೇಸಾಯದ ಹಾಲಕ್ಕಿ ಒಕ್ಕಲಿಗ ಸಮುದಾಯದ ಮನೆಗಳಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ.  

ಬೇರೆ ಕಡೆ ಇಂಥ ಜಾಗವನ್ನು ಗುರುತಿಸಿದ್ದೂ ಇದೆ. ಆಸ್ಟ್ರೇಲಿಯಾದ ಮೂಲನಿವಾಸಿ ಗುಂಡಿಚ್‌ಮಾರಾ ಜನ ಲಾವಾ ಕಲ್ಲಿನಲ್ಲಿ ಕಾಲುವೆ ಕಟ್ಟಿ ಹಾವುಮೀನು ಸಾಕಿದ ಬಜ್ ಬಿಮ್ ಜೌಗು 2019ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಮನುಷ್ಯ ಕಟ್ಟಿದ್ದು ಎಂಬ ಕಾರಣಕ್ಕೇ ಅಲ್ಲಿ ಮನ್ನಣೆ ಸಿಕ್ಕಿತು.

ನಮ್ಮಲ್ಲಿ ಆದದ್ದು ಬೇರೆ. ಊರವರು ಕೂಡಿ ಪ್ರತಿವರ್ಷ ದುರಸ್ತಿ ಮಾಡುತ್ತಿದ್ದ ಮಣ್ಣಿನ ಕಟ್ಟೆಗಳ ಜಾಗದಲ್ಲಿ 1970ರ ದಶಕದ, ಉಪ್ಪುನೀರು ತಡೆಯುವ ಸರ್ಕಾರಿ ಖಾರ್‌ಲ್ಯಾಂಡ್ ಯೋಜನೆ ಶಾಶ್ವತ ಕಟ್ಟೆ ಕಟ್ಟಿತು. ಉದ್ದೇಶ ಒಳ್ಳೆಯದೇ, ಆದರೆ ಕೂಡಿ ದುಡಿಯುವ ರೂಢಿ ಸಡಿಲವಾಯಿತು. ಮುಂದೆ ಶೆಟ್ಲಿಗೆ ರೇಟು ಬಂತು, ಗಜನಿಗಳು ಗುತ್ತಿಗೆಗೆ ಹೋದವು, ಬಾಗಿಲು ಗುತ್ತಿಗೆದಾರನ ಅನುಕೂಲಕ್ಕೆ ತೆರೆಯತೊಡಗಿತು. ಕಗ್ಗ ಹಿಂದೆ ಸರಿಯಿತು. ಬಂದರಿಗಿಂತ ಇದು ಸದ್ದಿಲ್ಲದ ಅಭಿವೃದ್ಧಿ. ಇದಕ್ಕೆ ಧಿಕ್ಕಾರ ಕೂಗುವುದೂ ಕಷ್ಟ.

ಆದ್ದರಿಂದ ಎರಡು ದಿನದ ಈ ಸಮ್ಮೇಳನದಲ್ಲಿ ನನ್ನ ಕೋರಿಕೆ ಇಷ್ಟೇ. ಅಳಿವೆಯ ನಿರ್ವಹಣಾ ಯೋಜನೆ ಬರೆಯುವಾಗ ಹಕ್ಕಿಗಳ ಪಟ್ಟಿಗೆ ಮುಂಚೆ ಒಂದು ಪುಟ ಬಿಡಿ. ಬಾಗಿಲನ್ನು ಯಾವ ತಿಂಗಳು ತೆರೆಯಬೇಕು, ಯಾರ ಮಾತಿನ ಮೇಲೆ, ಶೆಟ್ಲಿಯ ಆದಾಯದಲ್ಲಿ ಯಾರಿಗೆಷ್ಟು ಎಂಬುದನ್ನು ಗಜನಿಯವರೇ ಅಲ್ಲಿ ಬರೆಸಲಿ. ಮೊದಲ ಗೋಷ್ಠಿಯಲ್ಲಿ ಅವರು ಮಾತಾಡಲಿ. ಪ್ರಬಂಧಗಳು ಊಟದ ನಂತರ.