ಕಾಲ್ಚೆಂಡಿನ ಪುಂಡರೂ ಚಳವಳಿಯೂ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋದ ಕೂಟದಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆಗೆ ನಮ್ಮಿಂದ ಉತ್ತರ ಕೊಡಲಾಗಿರಲಿಲ್ಲ. ಮೈದಾನದಲ್ಲಿ ಬಾಟಲಿ ಎಸೆಯುವ ಹುಡುಗರು ಚಳವಳಿಗೆ ಬಂದರೆ ಅದು ರಾಜಕೀಯವೋ ಪುಂಡಾಟವೋ ಎಂಬುದು ಅವರ ಪ್ರಶ್ನೆ. ಕಳವಾದಲ್ಲಿ ರೈಲು ನಿಂತರೆ ದಿನದ ಪಗಾರ ಕಳೆದುಕೊಳ್ಳುವ ನಮಗೆ ಇದು ದೂರದ ಮಾತಲ್ಲ.

ಕಲ್ಕತ್ತೆಯನ್ನೇ ನೋಡೋಣ. 2024ರ ಆಗಸ್ಟ್ 9ರಂದು ಆರ್.ಜಿ. ಕರ್ ಆಸ್ಪತ್ರೆಯಲ್ಲಿ ತರುಣ ವೈದ್ಯೆಯೊಬ್ಬಳ ಮೇಲೆ ಅತ್ಯಾಚಾರವಾಗಿ ಕೊಲೆಯಾಯಿತು. ಊರೆಲ್ಲ ಬೀದಿಗಿಳಿಯಿತು. 18ನೆಯ ತಾರೀಖು ಡ್ಯುರಾಂಡ್ ಕಪ್ಪಿನಲ್ಲಿ ಮೋಹನ್ ಬಗಾನ್‌ಗೂ ಈಸ್ಟ್ ಬೆಂಗಾಲ್‌ಗೂ ಆಟವಿತ್ತು. ಬಂದೋಬಸ್ತಿನ ಕಾರಣ ಹೇಳಿ ಅದನ್ನು ರದ್ದುಮಾಡಿದರು. ಸುಮಾರು ನೂರು ವರ್ಷಗಳಿಂದ ಹಾವು ಮುಂಗುಸಿಯಂತಿದ್ದ ಎರಡೂ ಪಂಗಡದವರು ಅಂದು ಸಾಲ್ಟ್ ಲೇಕ್ ಮೈದಾನದ ಹೊರಗೆ ಒಟ್ಟಿಗೆ ನಿಂತು ನ್ಯಾಯ ಕೇಳಿದರು. ಮಹಮ್ಮಡನ್ ಸ್ಪೋರ್ಟಿಂಗ್‌ನವರೂ ಸೇರಿಕೊಂಡರು. ಲಾಠಿ ಬಿತ್ತು. ಆಟ ತಪ್ಪಿದ ಸಿಟ್ಟೂ ಅವರಲ್ಲಿ ಇದ್ದಿರಬೇಕು. ಇಲ್ಲವೆಂದರೆ ನಾವು ನಂಬೆವು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷರಾದ ಕಲ್ಯಾಣ್ ಚೌಬೆಯವರೂ ಅಲ್ಲಿಗೆ ಬಂದರು. ಅವರು ಅದಕ್ಕೆ ಹಿಂದಿನ ತಿಂಗಳಷ್ಟೇ ಭಾರತೀಯ ಜನತಾ ಪಕ್ಷದಿಂದ ಉಪಚುನಾವಣೆಗೆ ನಿಂತವರು. ಹಾಗೆಂದು ಅಲ್ಲಿದ್ದವರೆಲ್ಲ ಒಂದು ಪಕ್ಷದ ಬಾಡಿಗೆ ಜನ ಎನ್ನಲಾದೀತೇ? ಬೋನಸ್ಸಿಗಾಗಿ ಮುಷ್ಕರ ಹೂಡಿದಾಗಲೂ ಎಲ್ಲರೂ ತತ್ತ್ವ ತಿಳಿದೇ ಬಂದಿರುವುದಿಲ್ಲ. ಪಕ್ಕದವನು ಹೊರಟನೆಂದು ಹೊರಡುವವರೂ ಉಂಟು.

ಈಜಿಪ್ಟಿನಲ್ಲಿ 2011ರಲ್ಲಿ ಕೈರೋದ ತಹ್ರೀರ್ ಚೌಕಕ್ಕೆ ಇಳಿದವರಲ್ಲಿ ಅಹ್ಲಿ, ಜಮಾಲೆಕ್ ತಂಡಗಳ ಅಭಿಮಾನಿ ಗುಂಪುಗಳಿದ್ದವು. ಸಂಘಟನೆಯಾದಾಗ ಅವು ರಾಜಕೀಯ ಸಂಘಗಳಲ್ಲ. ಆದರೆ ಆಟದ ದಿನಗಳಲ್ಲಿ ಪೋಲೀಸರೊಡನೆ ಸೆಣಸಿ, ಲಾಠಿಗೆ ಚದರದೆ ನಿಲ್ಲುವುದನ್ನು ಕಲಿತಿದ್ದವು. ದ್ವೇಷ ಪೋಲೀಸರ ಮೇಲೆ ಹುಟ್ಟಿತ್ತು. ಅದು ಸರಕಾರದವರೆಗೆ ಬೆಳೆಯಲು ಹೆಚ್ಚು ಕಾಲ ಹಿಡಿಯಲಿಲ್ಲ.

ನಮ್ಮ ನಾಡಿನಲ್ಲಿ ಇಂಥ ಅಭಿಮಾನ ಚೆಂಡಿಗಿಂತ ಚಿತ್ರಮಂದಿರದಲ್ಲಿ ಹೆಚ್ಚು. 1982ರ ಗೋಕಾಕ್ ಚಳವಳಿಗೆ ಡಾ. ರಾಜಕುಮಾರ್ ಇಳಿದಾಗ ಅವರ ಅಭಿಮಾನಿಗಳೂ ಬೀದಿಗೆ ಬಂದರು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಲಿ ಎಂಬ ಸ್ಪಷ್ಟ ಬೇಡಿಕೆಯಿತ್ತು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡರು. ಆಗಲೂ ಅಭಿಮಾನಿಗಳು ಬೀದಿಗೆ ಬಂದರು, ಆದರೆ ಯಾವ ಬೇಡಿಕೆಯೂ ಇರಲಿಲ್ಲ. ಬೆಂಗಳೂರಿನಲ್ಲಿ ವಾಹನಗಳು ಸುಟ್ಟವು, ಗೋಲೀಬಾರಾಯಿತು, ಹಲವರು ಸತ್ತರು. ಸತ್ತವರಲ್ಲಿ ಒಬ್ಬ ಪೋಲೀಸಿನವನೂ ಇದ್ದ. ದುಃಖವಿತ್ತು, ನಿಜ. ಅದನ್ನು ಹೊತ್ತು ಎಲ್ಲಿಗೆ ಹೋಗಬೇಕೆಂದು ಹೇಳುವವರು ಇರಲಿಲ್ಲ.

ಆದ್ದರಿಂದ ನಾವು ತೊಟ್ಟ ಅಂಗಿಯನ್ನು ನೋಡುವುದಿಲ್ಲ. ಏನು ಕೇಳುತ್ತಾರೆ, ಯಾರನ್ನು ಕೇಳುತ್ತಾರೆ ಎಂಬುದನ್ನು ನೋಡುತ್ತೇವೆ. ಇದಕ್ಕೆ ಒಪ್ಪದವರೂ ಇಲ್ಲಿರಬಹುದು. 1982ರ ಮೆರವಣಿಗೆಯಲ್ಲಿ ನಡೆದ ಹಿರಿಯರು ಈ ಕೂಟದಲ್ಲಿದ್ದರೆ ದಯವಿಟ್ಟು ಮುಂದೆ ಬಂದು ಮಾತಾಡಬೇಕು. ಚಹಾ ಸ್ವಲ್ಪ ತಡವಾಗಿಯೇ ಬರಲಿ.