ಹೊಳೆಯ ದಂಡೆಯ ಪೆಟ್ಟಿಗೆ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲ್ಲೂಕುಗಳಿವೆ. ಕೃಷ್ಣಾನದಿಯೂ, ವೇದಗಂಗೆಯನ್ನು ಕೂಡಿಕೊಂಡು ಅದನ್ನು ಸೇರುವ ದೂಧಗಂಗೆಯೂ ಈ ಸೀಮೆಗೆ ನೀರುಣಿಸುತ್ತವೆ. ನಿಪ್ಪಾಣಿಯ ಹೊಗೆಸೊಪ್ಪಿನ ಹೆಸರನ್ನೂ ಉಗಾರದ ಸಕ್ಕರೆಯ ಹೆಸರನ್ನೂ ಪಟ್ಟಣವಾಸಿಗಳಾದ ನಾವು ಕೇಳಿ ಬಲ್ಲೆವು. ಆದರೆ ಆ ಕಬ್ಬಿಗೆ ಹೊಳೆಯಿಂದ ನೀರನ್ನೆತ್ತುವ ಪಂಪಿನ ಪಕ್ಕದಲ್ಲಿ ತಗಡಿನ ಪೆಟ್ಟಿಗೆಯೊಂದು ಇರುವುದಷ್ಟೆ. ಅದರೊಳಗೆ ಏನಿದೆಯೆಂದು ವಿಚಾರಿಸುವ ಕುತೂಹಲ ನಮ್ಮಲ್ಲಿ ಬಹುಮಂದಿಗೆ ಹುಟ್ಟಿರಲಾರದು. ರೈತರು ಅದನ್ನು ಸ್ಟಾರ್ಟರ್ ಎಂದು ಕರೆಯುತ್ತಾರೆ. ಪಠ್ಯಪುಸ್ತಕಗಳು ನಾಲ್ಕು ಬೇರೆ ಬೇರೆ ಅಧ್ಯಾಯಗಳಲ್ಲಿ ಹೇಳುವ ಕಾಂತತ್ವ, ಕೆಪಾಸಿಟರ್, ಡಯೋಡ್, ಟ್ರಾನ್ಸಿಸ್ಟರ್ ಎಂಬ ನಾಲ್ಕು ವಿಷಯಗಳೂ ಈ ಒಂದೇ ಪೆಟ್ಟಿಗೆಯ ಸುತ್ತ ಕೂಡಿ ಕೆಲಸಮಾಡುತ್ತಿವೆ. ಇವುಗಳ ಗುಣವನ್ನು ತಿಳಿಯುವುದು ಕೇವಲ ಪಾಂಡಿತ್ಯದ ಮಾತಲ್ಲ, ಪ್ರಾಣರಕ್ಷಣೆಯ ಮಾತೂ ಅಹುದೆಂಬುದನ್ನು ಈ ಭಾಷಣದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ಕಾಂತತ್ವದ ವಿಚಾರ. ಸೂಜಿಗಲ್ಲು ಕಬ್ಬಿಣವನ್ನು ಸೆಳೆಯುವುದೆಂಬುದು ಪ್ರಾಚೀನರಿಗೂ ತಿಳಿದಿದ್ದಿತು. ಆದರೆ ವಿದ್ಯುತ್ತಿಗೂ ಕಾಂತತ್ವಕ್ಕೂ ನಂಟುಂಟೆಂಬುದು ಬೆಳಕಿಗೆ ಬಂದದ್ದು ೧೮೨೦ ರಲ್ಲಿ. ಡೆನ್ಮಾರ್ಕಿನ ಅರ್‌ಸ್ಟೆಡ್ ಎಂಬ ಪ್ರಾಧ್ಯಾಪಕರು, ವಿದ್ಯುತ್ತು ಹರಿಯುವ ತಂತಿಯ ಬಳಿಯಲ್ಲಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಕಂಡರು. ೧೮೩೧ ರಲ್ಲಿ ಇಂಗ್ಲೆಂಡಿನ ಫ್ಯಾರಡೆಯವರು ಇದರ ಮರುಮುಖವನ್ನು ತೋರಿಸಿಕೊಟ್ಟರು: ಬದಲಾಗುತ್ತಿರುವ ಕಾಂತಕ್ಷೇತ್ರವು ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುವುದು. ಪಂಪಿನ ಮೋಟರು ನಿಂತಿರುವುದು ಈ ಎರಡು ಸತ್ಯಗಳ ಮೇಲೆಯೇ. ಮೂರು ಫೇಸಿನ ವಿದ್ಯುತ್ತು ಮೋಟರಿನ ಮೂರು ಸುರುಳಿಗಳಲ್ಲಿ ಒಂದಾದ ಮೇಲೊಂದರಂತೆ ಏರಿಳಿಯುವುದರಿಂದ, ಸುರುಳಿಗಳು ನಿಂತಲ್ಲೇ ನಿಂತಿದ್ದರೂ ಕಾಂತಕ್ಷೇತ್ರವು ಸುತ್ತತೊಡಗುವುದು. ನಡುವೆ ಇರುವ ಉರುಳೆಯು ಅದರ ಬೆನ್ನು ಹತ್ತಿ ತಿರುಗುವುದು.

ಸ್ಟಾರ್ಟರಿನಲ್ಲಿಯೂ ಕಾಂತವೇ ಕಾವಲುಗಾರ. ಹಸುರು ಗುಂಡಿಯನ್ನು ಒತ್ತಿದಾಗ ಸಣ್ಣದೊಂದು ಸುರುಳಿ ಅಯಸ್ಕಾಂತವಾಗಿ ಕಬ್ಬಿಣದ ತುಂಡನ್ನು ಎಳೆದು ಹಿಡಿಯುವುದು. ಅದರಿಂದ ಸಂಪರ್ಕಗಳು ಕೂಡಿ ಮೋಟರಿಗೆ ವಿದ್ಯುತ್ತು ಹೋಗುವುದು. ಕರೆಂಟು ಹೋದೊಡನೆ ಆ ಹಿಡಿತ ಸಡಿಲುವುದು. ಮರಳಿ ಕರೆಂಟು ಬಂದರೂ ಯಾರಾದರೂ ಗುಂಡಿಯನ್ನು ಒತ್ತುವ ತನಕ ಮೋಟರು ತಾನಾಗಿ ಹೊರಡದು. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವುಂಟು.

ಎರಡನೆಯದು ಕೆಪಾಸಿಟರ್. ನಮ್ಮ ಮಿಸ್ತ್ರಿಗಳು ಇದನ್ನು ಕಂಡೆನ್ಸರ್ ಎಂಬ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಎರಡು ಲೋಹದ ಹಾಳೆಗಳು, ನಡುವೆ ವಿದ್ಯುತ್ತನ್ನು ಬಿಡದ ಒಂದು ಪೊರೆ: ಇದರ ರಚನೆ ಇಷ್ಟೇ. ೧೭೪೫–೪೬ ರಲ್ಲಿ ಜರ್ಮನಿಯ ಕ್ಲೈಸ್ಟ್ ಮತ್ತು ಲೈಡನ್ ಪಟ್ಟಣದ ಮಸ್ಕೆನ್‌ಬ್ರೂಕ್ ಎಂಬವರು ಬೇರೆ ಬೇರೆಯಾಗಿ ಕಂಡುಕೊಂಡ ಗಾಜಿನ ಜಾಡಿಯೇ ಇದರ ಆದಿರೂಪ. ಜಾಡಿಯಲ್ಲಿ ತುಂಬಿದ ವಿದ್ಯುತ್ತು ಮುಟ್ಟಿದವರಿಗೆ ಬಲವಾದ ಆಘಾತವನ್ನು ಕೊಟ್ಟಿತೆಂಬುದು ಅದರ ಚರಿತ್ರೆಯ ಮೊದಲ ಪುಟದಲ್ಲಿಯೇ ಇದೆ.

ಮನೆಯಲ್ಲಿರುವಂತೆ ಒಂದೇ ಫೇಸು ದೊರೆಯುವ ಕಡೆ ಮೋಟರಿನ ಕಾಂತಕ್ಷೇತ್ರವು ಸುತ್ತುವುದಿಲ್ಲ. ಒಂದೇ ಗೆರೆಯಲ್ಲಿ ಹಿಂದುಮುಂದಾಗಿ ಮಿಡಿಯುವುದು. ಬೀಸುವ ಕಲ್ಲಿನ ಗೂಟವನ್ನು ನೆಟ್ಟಗೆ ಎಳೆದು ನೆಟ್ಟಗೆ ನೂಕುತ್ತಿದ್ದರೆ ಕಲ್ಲು ತಿರುಗುವುದೇ? ತಕ್ಕ ಸಮಯದಲ್ಲಿ ಪಕ್ಕದಿಂದಲೂ ಒತ್ತು ಬೀಳಬೇಕು. ಆ ಒತ್ತನ್ನು ಕೊಡುವುದಕ್ಕಾಗಿ ಮೋಟರಿನಲ್ಲಿ ಎರಡನೆಯ ಸುರುಳಿಯೊಂದನ್ನಿಟ್ಟು, ಕೆಪಾಸಿಟರಿನ ಮೂಲಕ ಅದಕ್ಕೆ ವಿದ್ಯುತ್ತನ್ನು ಕೊಡುತ್ತಾರೆ. ಕೆಪಾಸಿಟರು ಆ ಸುರುಳಿಯ ವಿದ್ಯುತ್ತನ್ನು ಮೊದಲನೆಯದಕ್ಕಿಂತ ಸ್ವಲ್ಪ ಮುಂಚಿತವಾಗಿ ಏರಿಸುವುದು, ಕ್ಷೇತ್ರವು ಸುತ್ತತೊಡಗುವುದು. ನಮ್ಮ ಮನೆಗಳ ಸೀಲಿಂಗ್ ಫ್ಯಾನು ಗುಂಯ್‌ಗುಡುತ್ತ ತಿರುಗದೆ ನಿಂತಾಗ ಮಿಸ್ತ್ರಿಯು ಕಂಡೆನ್ಸರು ಹೋಗಿದೆಯೆಂದು ಹೇಳುವುದರ ಅರ್ಥ ಇದೇ.

ಮೂರು ಫೇಸಿನ ಮೋಟರಿಗೂ ಕೆಪಾಸಿಟರಿನಿಂದ ಉಪಕಾರವುಂಟು. ಮೋಟರು ತನ್ನ ಕಾಂತಕ್ಷೇತ್ರವನ್ನು ಕಟ್ಟುವುದಕ್ಕಾಗಿ ತಂತಿಯಿಂದ ಕೊಂಚ ಶಕ್ತಿಯನ್ನು ಕೈಗಡವಾಗಿ ಪಡೆದು ಮರುಕ್ಷಣವೇ ಹಿಂದಿರುಗಿಸುವುದು. ಸೆಕೆಂಡಿಗೆ ೧೦೦ ಸಲ ಈ ಕೊಡುಕೊಳೆ ನಡೆಯುವುದು. ಕೈಗಡವನ್ನು ಪಕ್ಕದ ಮನೆಯವನೇ ಕೊಟ್ಟರೆ ಪೇಟೆಯ ಸಾಹುಕಾರನ ತನಕ ನಡೆದುಹೋಗುವ ಶ್ರಮ ತಪ್ಪುವುದಲ್ಲವೆ? ಮೋಟರಿನ ಪಕ್ಕದಲ್ಲಿರುವ ಕೆಪಾಸಿಟರು ಮಾಡುವುದು ಇದನ್ನೇ. ಅದರಿಂದ ದೂರದ ಕಂಬಗಳ ತಂತಿಯ ಮೇಲಣ ಹೊರೆ ಇಳಿದು, ಸಾಲಿನ ತುದಿಯಲ್ಲಿರುವ ರೈತನಿಗೂ ಸಾಕಷ್ಟು ವೋಲ್ಟೇಜು ದೊರೆಯುವುದು. ಒಬ್ಬನು ತನ್ನ ಹೊಲದಲ್ಲಿ ಕೆಪಾಸಿಟರನ್ನು ಹಾಕಿಸಿದರೆ ಅದರ ಫಲ ನೆರೆಯವನಿಗೂ ಸಲ್ಲುವುದೆಂಬುದು ಇದರ ವಿಶೇಷ.

ಇನ್ನು ಡಯೋಡ್. ಹೊಳೆಗಿಳಿದ ಪಂಪಿನ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಎಂಬುದೊಂದು ಇರುತ್ತದೆ. ಅದು ನೀರನ್ನು ಮೇಲಕ್ಕೆ ಬಿಡುವುದು, ಕೆಳಕ್ಕೆ ಬಿಡದು. ವಿದ್ಯುತ್ತಿಗೆ ಡಯೋಡು ಅಂಥದೇ ಕವಾಟ. ಕೆಲವು ಲೋಹಗಂಧಕದ ಹರಳುಗಳು ವಿದ್ಯುತ್ತನ್ನು ಒಂದು ಕಡೆಗೆ ಹೆಚ್ಚಾಗಿ, ಇನ್ನೊಂದು ಕಡೆಗೆ ಕಡಮೆಯಾಗಿ ಬಿಡುತ್ತವೆಂಬುದನ್ನು ೧೮೭೪ ರಲ್ಲಿ ಜರ್ಮನಿಯ ಬ್ರೌನ್ ಎಂಬವರು ಪ್ರಕಟಿಸಿದರು. ನಮ್ಮ ದೇಶದ ಜಗದೀಶಚಂದ್ರ ಬೋಸರು ಗೆಲೀನಾ ಎಂಬ ಸೀಸದ ಅದಿರಿನ ಹರಳಿನಿಂದ ರೇಡಿಯೋ ಅಲೆಗಳನ್ನು ಗುರುತಿಸುವ ಸಾಧನಕ್ಕೆ ೧೯೦೪ ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದರು. ಅದೇ ವರ್ಷ ಇಂಗ್ಲೆಂಡಿನ ಫ್ಲೆಮಿಂಗರು ಗಾಜಿನ ಬುರುಡೆಯ ಡಯೋಡನ್ನು ನಿರ್ಮಿಸಿದರು. ಇಂದಿನ ಡಯೋಡು ಸಿಲಿಕಾನಿನದು. ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು. ಇತ್ತೀಚಿನ ಸ್ಟಾರ್ಟರುಗಳಲ್ಲಿ ನಾಲ್ಕು ಡಯೋಡುಗಳು ಕೂಡಿ, ಹಿಂದುಮುಂದಾಗಿ ಹರಿಯುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಹಾಗೆ ಅಲೆ ಅಲೆಯಾಗಿ ಬಂದುದನ್ನು ಕೆಪಾಸಿಟರೊಂದು ತೊಟ್ಟಿಯಂತೆ ತುಂಬಿಸಿಕೊಂಡು ಸಮನಾಗಿ ಹರಿಯಬಿಡುವುದು. ನಮ್ಮ ಮೊಬೈಲಿನ ಚಾರ್ಜರಿನೊಳಗೂ ಡಯೋಡಿನ ಕೆಲಸ ಇದೇ.

ನಾಲ್ಕನೆಯದು ಟ್ರಾನ್ಸಿಸ್ಟರ್. ೧೯೪೭ ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟೇನರು ಜರ್ಮೇನಿಯಮಿನ ತುಣುಕೊಂದರಿಂದ ಇದನ್ನು ಸಾಧಿಸಿದರು. ಅವರಿಬ್ಬರಿಗೂ ಶಾಕ್ಲಿಯವರಿಗೂ ೧೯೫೬ ರಲ್ಲಿ ನೊಬೆಲ್ ಬಹುಮಾನ ಸಂದಿತು. ಹಳ್ಳಿಗರು ಬಹುಕಾಲ ಟ್ರಾನ್ಸಿಸ್ಟರ್ ಎಂದರೆ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಒಯ್ಯುವ ರೇಡಿಯೋ ಎಂದೇ ತಿಳಿದಿದ್ದರು. ಒಳಗಿನ ವಸ್ತುವಿನ ಹೆಸರು ಇಡೀ ಯಂತ್ರಕ್ಕೆ ಅಂಟಿತು. ಇದರ ಗುಣವೇನೆಂದರೆ, ಅಲ್ಪವಾದ ವಿದ್ಯುತ್ತಿನಿಂದ ಅಧಿಕವಾದ ವಿದ್ಯುತ್ತನ್ನು ಆಳುವುದು. ಬಾಂದಾರದ ಬಾಗಿಲನ್ನು ಒಬ್ಬನೇ ಮನುಷ್ಯನು ಹಿಡಿ ತಿರುಗಿಸಿ ಎತ್ತಿದರೆ ಹೊಳೆಯೇ ಹರಿಯುವುದಷ್ಟೆ. ಹರಿಯುವ ಬಲ ಅವನದಲ್ಲ, ಅಪ್ಪಣೆ ಮಾತ್ರ ಅವನದು.

ಈಗ ಇವೆಲ್ಲವೂ ಕೂಡಿ ನಡೆಸುವ ಕಾರ್ಯವನ್ನು ನೋಡೋಣ. ಮೂರು ಫೇಸುಗಳಲ್ಲಿ ಒಂದು ತಪ್ಪಿದರೆ ಉಳಿದೆರಡು ಸುರುಳಿಗಳ ಮೇಲೆ ಭಾರ ಬಿದ್ದು, ಅವು ಕಾದು, ಸ್ವಲ್ಪ ಹೊತ್ತಿನಲ್ಲಿಯೇ ಮೋಟರು ಸುಟ್ಟುಹೋಗಬಹುದು. ಬೇಸಗೆಯಲ್ಲಿ ಕಬ್ಬು ಒಣಗುತ್ತಿರುವಾಗ ಮೋಟರನ್ನು ಬಿಚ್ಚಿ ಪೇಟೆಗೆ ಹೊತ್ತು ಸುರುಳಿ ಕಟ್ಟಿಸಿ ತರುವುದೆಂದರೆ ರೈತನಿಗೆ ಹಣವೂ ನಷ್ಟ, ನೀರಿನ ಸರದಿಯೂ ನಷ್ಟ. ಇದನ್ನು ತಡೆಯಲು ಪೆಟ್ಟಿಗೆಯೊಳಗಣ ಸಣ್ಣ ಹಲಗೆಯು ಮೂರು ಫೇಸುಗಳನ್ನೂ ಸದಾ ಅಳೆಯುತ್ತಿರುವುದು. ಎಲ್ಲವೂ ಸರಿಯಿದ್ದಾಗ ಕೆಲವೇ ಮಿಲಿಆಂಪಿಯರು ಟ್ರಾನ್ಸಿಸ್ಟರಿಗೆ ಅಪ್ಪಣೆ ಕೊಡುವುದು. ಟ್ರಾನ್ಸಿಸ್ಟರು ಹತ್ತಾರು ಮಿಲಿಆಂಪಿಯರಿನ ರಿಲೇಯನ್ನು ನಡೆಸುವುದು. ರಿಲೇಯು ಸ್ಟಾರ್ಟರಿನ ಕಾಂತವನ್ನು ಎಬ್ಬಿಸುವುದು. ಆ ಕಾಂತವು ೧೦ ಅಶ್ವಶಕ್ತಿಯ ಮೋಟರಿಗೆ ಸುಮಾರು ೧೪ ಆಂಪಿಯರುಗಳನ್ನು ಹರಿಯಬಿಡುವುದು. ಒಂದು ಫೇಸು ತಪ್ಪಿದೊಡನೆ ಟ್ರಾನ್ಸಿಸ್ಟರು ಅಪ್ಪಣೆಯನ್ನು ಹಿಂದೆಗೆದುಕೊಳ್ಳುವುದು, ಮೋಟರು ಉಳಿಯುವುದು.

ಇಷ್ಟು ಉಪಕಾರಿಯಾದ ಪೆಟ್ಟಿಗೆಯಲ್ಲಿ ಅಪಾಯವೆಲ್ಲಿದೆ? ಎರಡು ಕಡೆ ಇದೆ.

ಒಂದು, ಕರೆಂಟು ಹೋದಮೇಲೂ ಕೆಪಾಸಿಟರು ಬರಿದಾಗಿರಬೇಕೆಂಬ ನಿಯಮವಿಲ್ಲ. ೨೩೦ ವೋಲ್ಟ್ ಎಂದು ನಾವು ಹೇಳುವ ವಿದ್ಯುತ್ತು ತನ್ನ ಶಿಖರದಲ್ಲಿ ೩೨೫ ವೋಲ್ಟಿನಷ್ಟಿರುವುದು. ಆ ಶಿಖರದಲ್ಲಿಯೇ ಸಂಬಂಧ ಕಡಿದರೆ ಕೆಪಾಸಿಟರು ಅಷ್ಟನ್ನೂ ಹಿಡಿದಿಟ್ಟುಕೊಳ್ಳಬಲ್ಲದು. ೧೦೦ ಮೈಕ್ರೋಫ್ಯಾರಡಿನ ಕೆಪಾಸಿಟರಿಗೆ ೧೦ ಲಕ್ಷ ಓಮಿನ ರೋಧಕವನ್ನು ಜೋಡಿಸಿದ್ದರೂ ೧೦೦ ಸೆಕೆಂಡುಗಳ ಮೇಲೆ ಸುಮಾರು ೧೨೦ ವೋಲ್ಟು ಉಳಿದಿರುವುದು. ರೋಧಕವೇ ಇಲ್ಲದಿದ್ದರೆ ಇನ್ನೂ ಹೆಚ್ಚು ಹೊತ್ತು ನಿಲ್ಲುವುದು.

ಇನ್ನೊಂದು, ತಾನಾಗಿ ಹೊರಡುವ ಸ್ಟಾರ್ಟರು. ಹೊಲಗಳಿಗೆ ಮೂರು ಫೇಸು ದೊರೆಯುವುದು ದಿನದ ಕೆಲವೇ ಗಂಟೆಗಳು, ಅದರಲ್ಲಿಯೂ ಹಲವು ವೇಳೆ ರಾತ್ರಿಯಲ್ಲಿ. ಆದುದರಿಂದ ಕರೆಂಟು ಬಂದೊಡನೆ ಮೋಟರನ್ನು ಹೊರಡಿಸುವ ಏರ್ಪಾಟನ್ನು ರೈತರು ಮಾಡಿಕೊಳ್ಳುತ್ತಾರೆ. ಮೊಬೈಲಿನ ಕರೆಯಿಂದ ಹೊರಡಿಸುವುದೂ ಉಂಟು. ನಿದ್ದೆಗೆಟ್ಟು ಹೊಳೆಗೆ ನಡೆಯುವ ಕಷ್ಟ ಇದರಿಂದ ತಪ್ಪಿದೆ, ಅದು ಸಣ್ಣ ಉಪಕಾರವಲ್ಲ. ಆದರೆ ಕೈಯಿಂದ ಗುಂಡಿ ಒತ್ತುವ ತನಕ ಮೋಟರು ಹೊರಡದೆಂಬ ಹಳೆಯ ಕಾವಲು ಇಲ್ಲಿ ತಪ್ಪಿಹೋಗಿದೆ. ಕರೆಂಟಿಲ್ಲವೆಂದು ನಂಬಿ ಪೈಪಿಗೋ ತಂತಿಗೋ ಕೈಯಿಟ್ಟವನ ಮುಂದೆಯೇ ಯಂತ್ರವು ಎಚ್ಚೆತ್ತೀತು.

ಈ ಎರಡು ಅಪಾಯಗಳೂ ಒಟ್ಟಿಗೆ ಬರುವುದು ಮಳೆಗಾಲದಲ್ಲಿ. ೨೦೧೯ ರ ಆಗಸ್ಟಿನಲ್ಲಿಯೂ ೨೦೨೧ ರ ಜುಲೈಯಲ್ಲಿಯೂ ಕೃಷ್ಣೆ ಉಕ್ಕಿ ಈ ತಾಲ್ಲೂಕುಗಳ ತೀರದ ಊರುಗಳನ್ನು ಬಾಧಿಸಿತು. ಕಲ್ಲೋಳ–ಯಡೂರ ನಡುವಣ ಸೇತುವೆಯಂತಹ ತಗ್ಗಿನ ಸೇತುವೆಗಳು ಪ್ರವಾಹದಲ್ಲಿ ಮುಳುಗುವುದು ಅಲ್ಲಿನವರಿಗೆ ಹೊಸತಲ್ಲ. ನೀರು ಏರುವ ಸುದ್ದಿ ಬಂದೊಡನೆ ರೈತರು ಪಂಪುಗಳನ್ನು ಬಿಚ್ಚಿ ದಿಬ್ಬಕ್ಕೆ ಸಾಗಿಸುತ್ತಾರೆ. ಕಾಲ ಕೆಳಗೆ ಕೆಸರು, ಕೈಯೆಲ್ಲ ಒದ್ದೆ, ಮನಸ್ಸಿನಲ್ಲಿ ಅವಸರ. ಆಗ ಮಾಡಬೇಕಾದುದು ಇಷ್ಟು: ಮೇನ್ ಸ್ವಿಚ್ಚನ್ನು ಇಳಿಸಿ ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುವುದು, ತಾನಾಗಿ ಹೊರಡುವ ಏರ್ಪಾಟನ್ನು ನಿಲ್ಲಿಸುವುದು, ಕೆಪಾಸಿಟರನ್ನು ತಿಳಿದವರ ಕೈಯಿಂದ ತಕ್ಕ ರೋಧಕದ ಮೂಲಕ ಬರಿದುಮಾಡಿಸಿ, ಅಳೆದು ನೋಡಿ, ಆಮೇಲೆ ತಂತಿಗೆ ಕೈಯಿಡುವುದು. ನೀರು ಆಗಲೇ ಪೆಟ್ಟಿಗೆಯನ್ನು ಮುಟ್ಟಿದ್ದರೆ ಅದರ ಬಳಿಗೆ ಹೋಗದೆ, ವಿದ್ಯುತ್ ಕಂಪೆನಿಯವರಿಗೆ ತಿಳಿಸಿ ಸಾಲನ್ನೇ ನಿಲ್ಲಿಸಬೇಕು. ಪಂಪನ್ನು ಮರಳಿ ಕೊಳ್ಳಬಹುದು.

ಕೊನೆಗೆ ವಿದ್ಯಾವಂತರಲ್ಲಿ ನಮ್ಮದೊಂದು ಬಿನ್ನಹ. ಈ ಐದು ತಾಲ್ಲೂಕುಗಳ ಶಾಲೆಗಳಲ್ಲಿ ಹುಡುಗರು ಕೆಪಾಸಿಟರಿನ ಚಿತ್ರವನ್ನು ಎರಡು ಗೆರೆಗಳಾಗಿ ಬರೆದು ಅಂಕ ಪಡೆಯುತ್ತಾರೆ; ಸಂಜೆ ಅದೇ ಹುಡುಗರು ತಂದೆಯೊಡನೆ ಪಂಪಿನ ಮನೆಗೆ ಹೋಗುತ್ತಾರೆ. ಆ ಎರಡು ಗೆರೆಗಳೇ ಅಲ್ಲಿನ ತಗಡಿನ ಡಬ್ಬಿಯೆಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಕೆಟ್ಟುಹೋದ ಹಳೆಯ ಸ್ಟಾರ್ಟರೊಂದು ಗುಜರಿಯಲ್ಲಿ ಸ್ವಲ್ಪ ಹಣಕ್ಕೆ ದೊರೆಯುವುದು. ವಿಜ್ಞಾನದ ಉಪಾಧ್ಯಾಯರು ಅದನ್ನು ಬರಿದುಮಾಡಿಸಿ, ಮೇಜಿನ ಮೇಲಿಟ್ಟು ಬಿಚ್ಚಿ, ಇದು ಕಾಂತ, ಇದು ಕಂಡೆನ್ಸರ್, ಇದು ಡಯೋಡ್, ಇದು ಟ್ರಾನ್ಸಿಸ್ಟರ್ ಎಂದು ಬೆರಳಿಟ್ಟು ತೋರಿಸಿದರೆ ನಾಲ್ಕು ಅಧ್ಯಾಯಗಳೂ ಒಂದೇ ದಿನ ಮನಸ್ಸಿನಲ್ಲಿ ನಿಲ್ಲುವುವು. ಅಂಥ ಪಾಠವನ್ನು ಕಲಿತ ಹುಡುಗನು ಮುಂದಿನ ಮಳೆಗಾಲದಲ್ಲಿ ತಂದೆಯ ಕೈಯನ್ನು ಹಿಡಿದು, ಸ್ವಲ್ಪ ತಡೆಯಿರಿ, ಒಳಗೆ ಇನ್ನೂ ಕರೆಂಟು ಇದ್ದೀತು ಎಂದು ಹೇಳಬಲ್ಲನು. ವಿದ್ಯೆಯಿಂದ ಅದಕ್ಕಿಂತ ಹೆಚ್ಚಿನ ಫಲವನ್ನು ನಾವು ಬಯಸುವುದಿಲ್ಲ.